ನೆಬ್ರಾಸ್ಕಾ ಫುಟ್‌ಬಾಲ್ ಹೀಗೇಕಾಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

2001ರ ಆಗಸ್ಟ್‌ನಲ್ಲಿ ಎಂ.ಎಸ್. ಓದಲೆಂದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್‌ಗೆ ಬಂದಿಳಿದವನು ನಾನು. ಓದು ಮುಗಿದು ಕೆಲಸ ಸಿಕ್ಕಿ ಈಗ ಒಮಾಹಾದಲ್ಲಿ ಮನೆ ಮಾಡಿಕೊಂಡಿದ್ದೇನೆ. ಊರಿಂದ ಅಪ್ಪ ಅಮ್ಮ ಬಂದಾಗ, ದಾವಣಗೆರೆ, ಹುಬ್ಬಳ್ಳಿ ಕಡೆಯಿಂದ ಹೊಸದಾಗಿ ಓದಲು ಬಂದ ಮಕ್ಕಳು ಭಾನುವಾರ ಊಟಕ್ಕೆ ಬಂದಾಗ, ಮಾತು ಒಂದಲ್ಲ ಒಂದು ಹೊತ್ತಿಗೆ ಇಲ್ಲಿಗೇ ಬರುತ್ತದೆ. ಊರಿಗೆ ಊರೇ ಕೆಂಪು ಅಂಗಿ ತೊಟ್ಟು ನೋಡಲು ಹೋಗುವ ಈ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಯಾಕೆ ಸೋಲುತ್ತಲೇ ಇರುತ್ತದೆ? ಇಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನೇ ಈಗ ಬರೆದಿಡುತ್ತಿದ್ದೇನೆ.

ಇದು ನಮ್ಮ ಫುಟ್‌ಬಾಲ್ ಅಲ್ಲವಲ್ಲ, ಯಾವ ಆಟ?

ಅಮೆರಿಕನ್ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡು, ನೂರು ಗಜದ ಮೈದಾನ, ಒಂದೊಂದು ಕಡೆಗೆ ಹನ್ನೊಂದು ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ದಾಟಿದರೆ ಮತ್ತೆ ನಾಲ್ಕು, ದಾಟದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಚೆಂಡನ್ನು ಹಿಡಿದು ಓಡಬಹುದು, ಇಲ್ಲವೇ ಎಸೆಯಬಹುದು. ಈ ಓಡುವುದು ಮತ್ತು ಎಸೆಯುವುದರ ನಡುವಿನ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ನೆಬ್ರಾಸ್ಕಾದ ಕಥೆಯಲ್ಲಿ ಅದು ಮುಖ್ಯ.

ಕಾಲೇಜು ಹುಡುಗರ ಆಟಕ್ಕೆ ಇಷ್ಟೊಂದು ಜನ ಸೇರುತ್ತಾರೆಯೇ?

ಸೇರುತ್ತಾರೆ. ನೆಬ್ರಾಸ್ಕಾ ರಾಜ್ಯದ ಒಟ್ಟು ಜನಸಂಖ್ಯೆ ಇಪ್ಪತ್ತು ಲಕ್ಷದ ಆಸುಪಾಸು. ಬೆಂಗಳೂರಿನ ಒಂದು ಮೂಲೆಯಷ್ಟು ಜನ ಇಡೀ ರಾಜ್ಯದಲ್ಲಿ ಹರಡಿಕೊಂಡಿದ್ದಾರೆ. ಇಲ್ಲಿ ದೊಡ್ಡ ಮಟ್ಟದ ವೃತ್ತಿಪರ ಫುಟ್‌ಬಾಲ್ ತಂಡವಿಲ್ಲ. ಇರುವುದು ಲಿಂಕನ್‌ನ ವಿಶ್ವವಿದ್ಯಾಲಯದ ತಂಡವೊಂದೇ. ತಂಡದ ಹೆಸರು ಕಾರ್ನ್‌ಹಸ್ಕರ್ಸ್, ಅಂದರೆ ಮುಸುಕಿನ ಜೋಳದ ತೆನೆ ಸುಲಿಯುವವರು. ಹಾವೇರಿ, ದಾವಣಗೆರೆ ಕಡೆಯವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

1923ರಲ್ಲಿ ಕಟ್ಟಿದ ಮೆಮೋರಿಯಲ್ ಸ್ಟೇಡಿಯಂನಲ್ಲಿ ಆಟದ ದಿನ ಎಂಬತ್ತೈದು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಒಮಾಹಾ, ಲಿಂಕನ್ ಬಿಟ್ಟರೆ ಆ ದಿನ ಸ್ಟೇಡಿಯಂ ತಾನೇ ರಾಜ್ಯದ ಮೂರನೇ ದೊಡ್ಡ ಊರು. 1962ರ ನವೆಂಬರ್ 3ರಿಂದ ಇವತ್ತಿನವರೆಗೆ ಇಲ್ಲಿ ನಡೆದ ಒಂದೊಂದು ಪಂದ್ಯದ ಟಿಕೆಟ್ಟೂ ಪೂರ್ತಿ ಮಾರಾಟವಾಗಿದೆ. ನಾನೂರು ಪಂದ್ಯ ದಾಟಿದ ಲೆಕ್ಕ ಅದು. ಈಚಿನ ವರ್ಷಗಳಲ್ಲಿ ಉಳಿದ ಟಿಕೆಟ್ಟುಗಳನ್ನು ದಾನಿಗಳು ಕೊಂಡು, ದುಡ್ಡು ಕೊಟ್ಟು ಬರಲಾಗದ ಮಕ್ಕಳಿಗೆ ಹಂಚುವ ಏರ್ಪಾಡೂ ಆಗಿದೆ. ಆದರೂ ಸೋಲುವ ತಂಡಕ್ಕೆ ಇಷ್ಟು ಜನ ಬರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಿಂದೆ ನಿಜಕ್ಕೂ ಅಷ್ಟು ದೊಡ್ಡ ತಂಡವಾಗಿತ್ತೇ, ಅಥವಾ ಹಳಬರು ಹೇಳಿಕೊಳ್ಳುವುದೇ?

ನಿಜಕ್ಕೂ ಆಗಿತ್ತು. 1962ರಲ್ಲಿ ಬಾಬ್ ಡೆವನಿ ಕೋಚ್ ಆಗಿ ಬಂದರು. 1970 ಮತ್ತು 1971ರಲ್ಲಿ ಸತತ ಎರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 1971ರ ಥ್ಯಾಂಕ್ಸ್‌ಗಿವಿಂಗ್ ದಿನ ಓಕ್ಲಹೋಮವನ್ನು 35-31ರಲ್ಲಿ ಸೋಲಿಸಿದ ಪಂದ್ಯವನ್ನು ಶತಮಾನದ ಪಂದ್ಯ ಎಂದೇ ಇಲ್ಲಿ ಕರೆಯುತ್ತಾರೆ. ಆಮೇಲೆ ಅವರ ಸಹಾಯಕರಾಗಿದ್ದ ಟಾಮ್ ಆಸ್ಬೋರ್ನ್ 1973ರಿಂದ 1997ರವರೆಗೆ ಇಪ್ಪತ್ತೈದು ವರ್ಷ ಕೋಚ್ ಆಗಿದ್ದರು. 255 ಗೆಲುವು, 49 ಸೋಲು, 3 ಡ್ರಾ. ಇಪ್ಪತ್ತೈದು ವರ್ಷದಲ್ಲಿ ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಪಂದ್ಯ ಗೆದ್ದವರಲ್ಲ. 1994, 1995, 1997ರಲ್ಲಿ ರಾಷ್ಟ್ರೀಯ ಪ್ರಶಸ್ತಿ. ಕೊನೆಯದನ್ನು ಮಿಶಿಗನ್ ಜೊತೆ ಹಂಚಿಕೊಂಡರು. ಅವರ ಕೊನೆಯ ಐದು ವರ್ಷದ ಲೆಕ್ಕ 60 ಗೆಲುವು, 3 ಸೋಲು.

ಆಸ್ಬೋರ್ನ್ ಎಂಥವರು ಎಂದು ತಿಳಿಯಲು 1984ರ ಜನವರಿಯ ಆರೆಂಜ್ ಬೌಲ್ ಎಂಬ, ಆಟದ ಋತುವಿನ ಕೊನೆಯ ಪಂದ್ಯ ಸಾಕು. ಮಯಾಮಿ ವಿರುದ್ಧ ಕೊನೆಯ ನಿಮಿಷದಲ್ಲಿ ಟಚ್‌ಡೌನ್ ಹೊಡೆದು 31-30ಕ್ಕೆ ಬಂದರು. ಟಚ್‌ಡೌನ್ ಆದ ಮೇಲೆ ಸಿಗುವ ಸುಲಭದ ಒಂದು ಅಂಕದ ಕಿಕ್ ಹೊಡೆದಿದ್ದರೆ ಡ್ರಾ ಆಗುತ್ತಿತ್ತು, ಆ ವರ್ಷ ಸೋಲೇ ಕಾಣದ ತಂಡಕ್ಕೆ ಪ್ರಶಸ್ತಿಯೂ ಬಹುತೇಕ ಸಿಗುತ್ತಿತ್ತು. ಆಸ್ಬೋರ್ನ್ ಗೆಲುವಿಗೇ ಆಡಿಸಿದರು. ಎರಡು ಅಂಕಕ್ಕಾಗಿ ಎಸೆದ ಚೆಂಡು ಎದುರಾಳಿಯ ಕೈ ತಗುಲಿ ಕೆಳಗೆ ಬಿತ್ತು. ಪ್ರಶಸ್ತಿ ಹೋಯಿತು. ಇಲ್ಲಿನ ಹಿರಿಯರು ಆ ಸೋಲಿನ ಬಗ್ಗೆ ಮಾತಾಡುವಾಗ ದನಿಯಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಿರುತ್ತದೆ.

ಅಷ್ಟು ಚಿಕ್ಕ ರಾಜ್ಯ ಅಷ್ಟೆಲ್ಲ ಗೆಲ್ಲುತ್ತಿದ್ದದ್ದು ಹೇಗೆ?

ಕುಸಿತ ಅರ್ಥವಾಗಬೇಕಾದರೆ ಮೊದಲು ಇದು ಅರ್ಥವಾಗಬೇಕು. ಒಳ್ಳೆಯ ಆಟಗಾರರು ಹುಟ್ಟಿ ಬೆಳೆಯುವುದು ಟೆಕ್ಸಸ್, ಫ್ಲೋರಿಡಾ, ಕ್ಯಾಲಿಫೋರ್ನಿಯಾಗಳಲ್ಲಿ. ನೆಬ್ರಾಸ್ಕಾದಲ್ಲಿ ಬೆಳೆಯುವುದು ಜೋಳ, ಸೋಯಾ, ದನ. ಹಾಗಾಗಿ ಇಲ್ಲಿಯವರು ಇರುವುದರಲ್ಲೇ ತಮ್ಮದೊಂದು ದಾರಿ ಕಂಡುಕೊಂಡರು.

ಮೊದಲನೆಯದು ವಾಕ್-ಆನ್ ಹುಡುಗರು. ಸ್ಕಾಲರ್‌ಶಿಪ್ ಇಲ್ಲದೆ, ತಮ್ಮ ಫೀಸು ತಾವೇ ಕಟ್ಟಿಕೊಂಡು ತಂಡ ಸೇರುವವರು. ಹೊಲಮನೆಯ ಮಕ್ಕಳು, ಇಡೀ ಹೈಸ್ಕೂಲಿನಲ್ಲಿ ಐವತ್ತು ಜನವೂ ಇಲ್ಲದ ಹಳ್ಳಿಗಳಿಂದ ಬಂದವರು. ಬಂದ ವರ್ಷ ಯಾರೂ ಅವರ ಹೆಸರು ಕೇಳಿರುವುದಿಲ್ಲ. ಮೂರ್ನಾಲ್ಕು ವರ್ಷ ಅಭ್ಯಾಸದಲ್ಲಿ ಪೆಟ್ಟು ತಿಂದು, ಮೈ ಕಟ್ಟಿ, ಕೊನೆಯ ವರ್ಷ ಮೈದಾನಕ್ಕೆ ಇಳಿಯುತ್ತಿದ್ದರು. ಆಸ್ಬೋರ್ನ್ ಕಾಲದಲ್ಲಿ ತಂಡದಲ್ಲಿ ನೂರೈವತ್ತಕ್ಕೂ ಹೆಚ್ಚು ಹುಡುಗರು. ಮೈದಾನದ ಬೇರೆ ಬೇರೆ ಭಾಗಗಳಲ್ಲಿ ಒಟ್ಟೊಟ್ಟಿಗೇ ಅಭ್ಯಾಸ ನಡೆಯುತ್ತಿದ್ದುದರಿಂದ ಬದಲಿ ಆಟಗಾರರ ಪೈಕಿ ತೀರ ಹಿಂದಿನ, ನಾಲ್ಕನೇ ಸಾಲಿನ ಹುಡುಗನೂ ನಿಂತು ನೋಡುತ್ತಿರಲಿಲ್ಲ, ಆಡುತ್ತಲೇ ಇದ್ದ.

ಎರಡನೆಯದು ಗರಡಿ. 1969ರಲ್ಲೇ ಬಾಯ್ಡ್ ಎಪ್ಲಿ ಎಂಬುವರನ್ನು ಆಟಗಾರರ ಮೈಕಟ್ಟು ಬೆಳೆಸುವುದಕ್ಕೆಂದೇ ಸಂಬಳ ಕೊಟ್ಟು ನೇಮಿಸಿಕೊಂಡರು. ಭಾರ ಎತ್ತಿದರೆ ಆಟಗಾರ ನಿಧಾನವಾಗುತ್ತಾನೆ ಎಂದು ಬಹಳ ಕೋಚ್‌ಗಳು ನಂಬಿದ್ದ ಕಾಲ ಅದು. ನೆಬ್ರಾಸ್ಕಾ ಅವರಿಗಿಂತ ಎಷ್ಟೋ ವರ್ಷ ಮುಂದೆ ಇತ್ತು.

ಮೂರನೆಯದು ಆಟದ ರೀತಿ. ಆಪ್ಷನ್ ಎಂದು ಅದರ ಹೆಸರು. ಕ್ವಾರ್ಟರ್‌ಬ್ಯಾಕ್, ಅಂದರೆ ಮೈದಾನದಲ್ಲಿ ಆಟ ನಡೆಸುವವನು, ಚೆಂಡು ಹಿಡಿದು ಪಕ್ಕಕ್ಕೆ ಓಡುತ್ತಾನೆ. ಎದುರಾಳಿ ತನ್ನ ಮೇಲೆ ಬಂದರೆ ಜೊತೆಗೆ ಓಡುವವನಿಗೆ ಚೆಂಡು ಕೊಡುತ್ತಾನೆ, ಅವನ ಮೇಲೆ ಹೋದರೆ ತಾನೇ ಓಡುತ್ತಾನೆ. ಇದಕ್ಕೆ ಚೆಂಡನ್ನು ಅರವತ್ತು ಗಜ ಎಸೆಯುವ ತೋಳು ಬೇಕಿಲ್ಲ. ಬೇಕಾದದ್ದು ಮುಂದಿನ ಸಾಲಿನಲ್ಲಿ ಭುಜಕ್ಕೆ ಭುಜ ಕೊಟ್ಟು ದಾರಿ ಮಾಡಿಕೊಡುವ ಐದು ಜನ ಗಟ್ಟಿಗರು. ಅಂಥವರು ನೆಬ್ರಾಸ್ಕಾದ ಹೊಲಗಳಲ್ಲಿ ಸಿಗುತ್ತಿದ್ದರು.

ನಾಲ್ಕನೆಯದನ್ನು ಹೊರಗಿನವರು ಗಮನಿಸುವುದೇ ಇಲ್ಲ. ಕೋಚ್‌ಗಳು ಬದಲಾಗುತ್ತಿರಲಿಲ್ಲ. ಮುಂದಿನ ಸಾಲನ್ನು ತಯಾರು ಮಾಡುತ್ತಿದ್ದ ಮಿಲ್ಟ್ ಟೆನೊಪಿರ್ 1974ರಿಂದ 2002ರವರೆಗೆ ಅದೇ ಕೆಲಸದಲ್ಲಿದ್ದರು. ಒಬ್ಬ ಹುಡುಗ ಸೇರಿದ ದಿನದಿಂದ ಹೊರಡುವ ದಿನದವರೆಗೆ ಅದೇ ಗುರು, ಅದೇ ಪಾಠ. ಮಲೆನಾಡಿನಲ್ಲಿ ಅಡಿಕೆ ಸಸಿ ನೆಟ್ಟವರು ಐದಾರು ವರ್ಷ ಫಸಲಿನ ಮಾತೆತ್ತುವುದಿಲ್ಲವಲ್ಲ, ಇಲ್ಲಿಯವರಿಗೂ ಅದೇ ತಾಳ್ಮೆಯಿತ್ತು.

ಕುಸಿತ ಯಾವತ್ತು ಶುರುವಾಯಿತು?

ನಾನು ಬಂದ ವರ್ಷವೇ. ಹಾಗೆ ಹೇಳಲು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

2001ರ ಅಕ್ಟೋಬರ್ 27, ಓಕ್ಲಹೋಮ ಪಂದ್ಯ. ಲ್ಯಾಬಿನ ಗೆಳೆಯನೊಬ್ಬ ತನ್ನ ತಮ್ಮನ ಟಿಕೆಟ್ಟು ಕೊಟ್ಟಿದ್ದ. ನಿಯಮ ಒಂದೂ ಗೊತ್ತಿಲ್ಲ, ಎದ್ದಾಗ ಎದ್ದೆ, ಕೂತಾಗ ಕೂತೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ರೈತರೊಬ್ಬರು ಕಿವಿಗೆ ಸಣ್ಣ ರೇಡಿಯೊ ಸಿಕ್ಕಿಸಿಕೊಂಡಿದ್ದರು. ಎದುರಿಗೇ ಆಟ ನಡೆಯುತ್ತಿದ್ದರೂ ವೀಕ್ಷಕ ವಿವರಣೆ ಬೇಕು ಅವರಿಗೆ. ನನಗೆ ಬೆರಳು ತೋರಿಸಿ ಒಂದೊಂದೇ ಹೇಳಿಕೊಡುತ್ತಿದ್ದರು. ಕೊನೆಯ ಭಾಗದಲ್ಲಿ ಕ್ವಾರ್ಟರ್‌ಬ್ಯಾಕ್ ಎರಿಕ್ ಕ್ರೌಚ್ ಚೆಂಡನ್ನು ಜೊತೆಗಾರನಿಗೆ ಕೊಟ್ಟ, ಅದು ಇನ್ನೊಬ್ಬನ ಕೈಗೆ ಹೋಯಿತು, ಅವನು ಓಡುವ ಬದಲು ಎಸೆದ. ಎಸೆದದ್ದು ಯಾರಿಗೆ? ಕ್ರೌಚ್‌ಗೇ! ಚೆಂಡು ಕೊಟ್ಟವನೇ ಸದ್ದಿಲ್ಲದೆ ಓಡಿ ಮುಂದೆ ಹೋಗಿದ್ದ. ಹಿಡಿದವನು ಬಿಳಿ ಗೆರೆಯ ಪಕ್ಕದಲ್ಲೇ ಓಡಿ ಅರವತ್ಮೂರು ಗಜದ ಟಚ್‌ಡೌನ್ ಮುಗಿಸಿದ. ಆ ಅಜ್ಜ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದರು. 20-10ರಲ್ಲಿ ಗೆದ್ದೆವು. ಕ್ರೌಚ್‌ಗೆ ಆ ವರ್ಷ ದೇಶದ ಅತ್ಯುತ್ತಮ ಆಟಗಾರನೆಂದು ಹೈಸ್‌ಮನ್ ಪ್ರಶಸ್ತಿ ಬಂತು.

ತಿಂಗಳು ಕಳೆಯುವಷ್ಟರಲ್ಲಿ ಕೊಲೊರಾಡೊ ನಮ್ಮನ್ನು 62-36ರಲ್ಲಿ ಸೋಲಿಸಿತು. ತಂಡಗಳ ಶ್ರೇಯಾಂಕ ಕಟ್ಟುವ ಕಂಪ್ಯೂಟರ್ ಲೆಕ್ಕದ ಕೃಪೆಯಿಂದ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯಕ್ಕೆ ಹೇಗೋ ಹೋದರು. ಅಲ್ಲಿ ಮಯಾಮಿ ಅರ್ಧ ಆಟಕ್ಕೇ 34-0 ಮುಂದಿತ್ತು, ಕೊನೆಗೆ 37-14. ಮರುವರ್ಷ 7 ಗೆಲುವು, 7 ಸೋಲು. ಸತತ ಮೂವತ್ತಮೂರು ವರ್ಷ ಒಂಬತ್ತಕ್ಕೆ ಕಡಿಮೆಯಿಲ್ಲದಂತೆ ಗೆದ್ದ ದಾಖಲೆ ಅಲ್ಲಿಗೆ ಮುಗಿಯಿತು.

ಫ್ರಾಂಕ್ ಸೋಲಿಚ್ ಅವರನ್ನು ತೆಗೆದುಹಾಕಿದ್ದೇ ಎಲ್ಲದಕ್ಕೂ ಮೂಲವೇ?

ಎಲ್ಲದಕ್ಕೂ ಅಲ್ಲ. ಆದರೆ ಮಾಡಿದ ತಪ್ಪುಗಳಲ್ಲಿ ಅದೇ ದೊಡ್ಡದು ಎಂದು ನನ್ನ ಖಚಿತ ಅಭಿಪ್ರಾಯ.

ಸೋಲಿಚ್ ಡೆವನಿ ಕೈಕೆಳಗೆ ಆಡಿದವರು, ಆಸ್ಬೋರ್ನ್‌ಗೆ ಎಷ್ಟೋ ವರ್ಷ ಸಹಾಯಕರಾಗಿದ್ದವರು, 1998ರಲ್ಲಿ ಅವರ ಜಾಗಕ್ಕೆ ಬಂದವರು. 1999ರಲ್ಲಿ ಅವರ ತಂಡ ಗೆದ್ದ ಬಿಗ್ 12 (ಆಗ ನೆಬ್ರಾಸ್ಕಾ ಇದ್ದ ಕಾನ್ಫರೆನ್ಸ್, ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಕೂಟ) ಪ್ರಶಸ್ತಿಯೇ ನೆಬ್ರಾಸ್ಕಾ ಗೆದ್ದ ಕೊನೆಯ ಕಾನ್ಫರೆನ್ಸ್ ಪ್ರಶಸ್ತಿ. 2002ರ ಪೆಟ್ಟಿನ ನಂತರ ಅವರು ಸಹಾಯಕರನ್ನು ಬದಲಾಯಿಸಿದರು, ರಕ್ಷಣೆಗೆ ಬೋ ಪೆಲಿನಿಯನ್ನು ಕರೆತಂದರು, 2003ರಲ್ಲಿ 9 ಪಂದ್ಯ ಗೆದ್ದು 3 ಸೋತರು. ಗಾಯ ಮಾಯುತ್ತಿತ್ತು. ಅಷ್ಟರಲ್ಲಿ ಕ್ರೀಡಾ ನಿರ್ದೇಶಕ ಸ್ಟೀವ್ ಪೆಡರ್ಸನ್, ಸೋಲಿಚ್ ಅವರನ್ನು ಮನೆಗೆ ಕಳಿಸಿದರು. ಪೆಡರ್ಸನ್ ಕೂಡ ಇದೇ ರಾಜ್ಯದವರು, ಇದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ತಂಡ ಸಾಧಾರಣ ಮಟ್ಟಕ್ಕೆ ಜಾರುವುದನ್ನು ನೋಡಿಕೊಂಡು ಕೂರಲಾರೆ ಎಂಬುದು ಅವರ ಮಾತಿನ ತಾತ್ಪರ್ಯ. ಆರು ವರ್ಷದಲ್ಲಿ 58 ಗೆದ್ದು 19 ಸೋತ ಕೋಚ್ ಬಗ್ಗೆ ಆಡಿದ ಮಾತು ಅದು.

ಆಮೇಲೆ ನಲವತ್ತು ದಿನ ಹೊಸ ಕೋಚ್ ಸಿಗಲಿಲ್ಲ. ಕೊನೆಗೆ ವೃತ್ತಿಪರ ತಂಡ ಓಕ್ಲೆಂಡ್ ರೇಡರ್ಸ್‌ನ ಕೋಚ್ ಆಗಿದ್ದ ಬಿಲ್ ಕ್ಯಾಲಹನ್ ಬಂದರು. ಅವರದು ಚೆಂಡು ಎಸೆಯುವ ಆಟ. ಓಡುವುದಕ್ಕೆಂದೇ ಆರಿಸಿ ತಂದ ಹುಡುಗರ ಕೈಗೆ ಎಸೆಯುವ ಪುಸ್ತಕ ಕೊಟ್ಟರು. 2004ರಲ್ಲಿ 5 ಗೆಲುವು, 6 ಸೋಲು. ಗೆಲುವಿಗಿಂತ ಸೋಲು ಹೆಚ್ಚಾದದ್ದು 1961ರ ನಂತರ ಅದೇ ಮೊದಲು. ಟೆಕ್ಸಸ್ ಟೆಕ್ 70-10ರಲ್ಲಿ ಸೋಲಿಸಿತು. 2007ರಲ್ಲಿ ಕ್ಯಾನ್ಸಸ್ 76 ಅಂಕ ಹೊಡೆಯಿತು. ಹಿಂದೆ ನೆಬ್ರಾಸ್ಕಾ ವರ್ಷ ವರ್ಷ ಸೋಲಿಸುತ್ತಿದ್ದ ಕ್ಯಾನ್ಸಸ್! ಆ ಋತುವಿನ ನಡುವೆಯೇ ಪೆಡರ್ಸನ್ ಹೋದರು, ವರ್ಷದ ಕೊನೆಗೆ ಕ್ಯಾಲಹನ್ ಹೋದರು, ಎಪ್ಪತ್ತರ ಆಸ್ಬೋರ್ನ್ ಅವರನ್ನೇ ಕ್ರೀಡಾ ನಿರ್ದೇಶಕರಾಗಿ ಮತ್ತೆ ಕರೆಯಬೇಕಾಯಿತು.

ಸೋಲಿಚ್ ಮುಂದೆ ಒಹಾಯೊ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ 115 ಪಂದ್ಯ ಗೆದ್ದರು. ಇಪ್ಪತ್ತು ವರ್ಷ ಈ ಸ್ಟೇಡಿಯಂ ಕಡೆ ಬರಲಿಲ್ಲ. 2023ರ ವಸಂತದಲ್ಲಿ ಅವರನ್ನು ಕರೆಸಿ ಗೌರವಿಸಿದರು. ಆ ಸುದ್ದಿ ಓದುವಾಗ ನನಗೆ ರೇಡಿಯೊ ಅಜ್ಜನ ನೆನಪಾಯಿತು. ಅವರು ಇದ್ದಿದ್ದರೆ ಎದ್ದು ನಿಲ್ಲುತ್ತಿದ್ದರು.

ಕೋಚ್ ಒಬ್ಬರು ಹೋದರೆ ಅಷ್ಟು ಹಾನಿಯೇ? ಇನ್ನೊಬ್ಬರು ಬರುತ್ತಾರಲ್ಲ?

ಹುಡುಗ ಸೇರುವುದು ಹದಿನೆಂಟಕ್ಕೆ, ಗಟ್ಟಿಯಾಗುವುದು ಇಪ್ಪತ್ತೊಂದಕ್ಕೆ. ಹೊಸ ಕೋಚ್ ತನ್ನ ಆಟಕ್ಕೆ ಬೇಕಾದಂಥ ಹುಡುಗರನ್ನು ತರುತ್ತಾರೆ. ಅವರು ಹಣ್ಣಾಗುವ ಹೊತ್ತಿಗೆ ಕೋಚ್ ಇರುವುದಿಲ್ಲ. ನಂತರ ಬಂದವರಿಗೆ ಆ ಹುಡುಗರು ಬೇಡ, ಬೇರೆ ಥರದವರು ಬೇಕು. 2003ರಿಂದ ಇಲ್ಲಿ ನಡೆದದ್ದು ಇದೇ. ಓಡುವ ಆಟದಿಂದ ಎಸೆಯುವ ಆಟ, ಅಲ್ಲಿಂದ ಎರಡರ ಮಿಶ್ರಣ, ಮತ್ತೆ ಎಸೆಯುವುದು, ಆಮೇಲೆ ಅತಿ ವೇಗದ ಆಟ. ಹೆಚ್ಚು ಪೆಟ್ಟು ಬಿದ್ದದ್ದು ಮುಂದಿನ ಸಾಲಿಗೆ, ಯಾಕೆಂದರೆ ಪಳಗಲು ಅತಿ ಹೆಚ್ಚು ಕಾಲ ಬೇಕಾದ ಜಾಗ ಅದು. ಇದರ ಮೇಲೆ ಕ್ರೀಡಾ ನಿರ್ದೇಶಕರ ಸರದಿ: ಪೆಡರ್ಸನ್, ಆಸ್ಬೋರ್ನ್, ಐಕಾರ್ಸ್ಟ್, ಮೂಸ್, ಆಲ್ಬರ್ಟ್ಸ್, ಡ್ಯಾನೆನ್. ಬಂದ ಪ್ರತಿಯೊಬ್ಬರೂ ಹಿಂದಿನವರು ನೇಮಿಸಿದ ಕೋಚ್‌ಗೆ ಸಂಬಳ ಕೊಡಬೇಕಾದ ಪರಿಸ್ಥಿತಿ.

ತಂಡದ ಕೈ ಮೀರಿದ ಕಾರಣಗಳು ಇರಲಿಲ್ಲವೇ?

ಇದ್ದವು. ಪೆಡರ್ಸನ್ ಮೇಲೆ ಎಲ್ಲವನ್ನೂ ಹೊರಿಸಿದರೆ ಅನ್ಯಾಯವಾಗುತ್ತದೆ.

ಹಿಂದೆ ದೊಡ್ಡ ತಂಡಗಳು ಬೇಕಾದಷ್ಟು ಜನಕ್ಕೆ ಸ್ಕಾಲರ್‌ಶಿಪ್ ಕೊಡಬಹುದಿತ್ತು. 1973ರಲ್ಲಿ 105ರ ಮಿತಿ ಬಂತು, 1978ರಲ್ಲಿ 95, ತೊಂಬತ್ತರ ದಶಕದ ಮೊದಲ ಭಾಗದಲ್ಲಿ 85. ದೊಡ್ಡವರ ಬೆಂಚಿನಲ್ಲಿ ಕೂತಿರುತ್ತಿದ್ದ ಆಟಗಾರರು ಸಣ್ಣ ಕಾಲೇಜುಗಳಿಗೆ ಹೋಗಿ ಅಲ್ಲಿ ಆಡತೊಡಗಿದರು. ಕ್ಯಾನ್ಸಸ್ ಸ್ಟೇಟ್‌ನಂಥ ನೆರೆಯವರು ಬಲಿತದ್ದು ಹೀಗೆ.

ಟಿವಿಯದೂ ಹಾಗೆಯೇ. ಕಾಲೇಜು ಪಂದ್ಯಗಳ ಪ್ರಸಾರ ಮೊದಲು ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ಕೈಯಲ್ಲಿತ್ತು, ವಾರಕ್ಕೆ ಕೆಲವೇ ಪಂದ್ಯ. ಗೆಲ್ಲುವ ನೆಬ್ರಾಸ್ಕಾ ಅದರಲ್ಲಿ ಆಗಾಗ ಕಾಣುತ್ತಿತ್ತು. ಟಿವಿಯಲ್ಲಿ ಕಾಣಬೇಕೆನ್ನುವ ಹುಡುಗ ಲಿಂಕನ್‌ಗೆ ಬರುತ್ತಿದ್ದ. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಹಿಡಿತ ಕಾನೂನಿಗೆ ವಿರುದ್ಧ ಎಂದಿತು. ಬರಬರುತ್ತಾ ಎಲ್ಲರ ಪಂದ್ಯವೂ ಟಿವಿಯಲ್ಲಿ ಬಂತು. ಟೆಕ್ಸಸ್‌ನ ಹುಡುಗ ಮನೆಯ ಹತ್ತಿರದ ಕಾಲೇಜಿನಲ್ಲಿ ಆಡಿದರೂ ದೇಶವೆಲ್ಲ ನೋಡುತ್ತದೆ ಎಂದ ಮೇಲೆ ಜನವರಿಯಲ್ಲಿ ಹಿಮ ಕೊರೆಯುವ ಬಯಲಿಗೆ ಅವನೇಕೆ ಬಂದಾನು? ಭಾರ ಎತ್ತುವ ಗರಡಿಯಂತೂ ಎಲ್ಲ ಕಾಲೇಜಿನಲ್ಲೂ ಆಯಿತು.

1996ರಲ್ಲಿ ಹಳೆಯ ಬಿಗ್ 8ಕ್ಕೆ ಟೆಕ್ಸಸ್‌ನ ನಾಲ್ಕು ಕಾಲೇಜು ಸೇರಿ ಬಿಗ್ 12 ಆಯಿತು. ಅಂಕ ಕಡಿಮೆಯಿದ್ದ ಹುಡುಗರನ್ನು ಸೇರಿಸಿಕೊಳ್ಳುವುದಕ್ಕೆ ಹೊಸ ಕಟ್ಟುಪಾಡು ಬಂತು, ನೆಬ್ರಾಸ್ಕಾ ಅದನ್ನು ವಿರೋಧಿಸಿ ಸೋತಿತು. ಜೊತೆಗೆ ಗುಂಪುಗಳು ಬೇರೆಯಾಗಿ ಓಕ್ಲಹೋಮ ಜೊತೆ ವರ್ಷಾ ವರ್ಷ ನಡೆಯುತ್ತಿದ್ದ ಪಂದ್ಯ ನಿಂತಿತು. ಆ ನಷ್ಟ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಎದುರಾಗುವ ಸಮಬಲದ ವೈರಿಯೇ ಇಲ್ಲದಂತಾಯಿತು.

ಪೆಲಿನಿ ಗೆಲ್ಲುತ್ತಿದ್ದರಲ್ಲ, ಅವರನ್ನೂ ಯಾಕೆ ಕಳಿಸಿದರು?

ಬೋ ಪೆಲಿನಿ 2008ರಿಂದ 2014ರವರೆಗೆ ಪ್ರತಿ ವರ್ಷ ಒಂಬತ್ತೋ ಹತ್ತೋ ಪಂದ್ಯ ಗೆದ್ದರು. 2009ರಲ್ಲಿ ಬಿಗ್ 12 ಪ್ರಶಸ್ತಿ ಇನ್ನೇನು ಕೈಗೆ ಬಂದಿತ್ತು. ಎನ್‌ಡಮುಕಾಂಗ್ ಸೂ ಎಂಬ ದೈತ್ಯ ಟೆಕ್ಸಸ್‌ನ ಕ್ವಾರ್ಟರ್‌ಬ್ಯಾಕನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿದ್ದ. 12-10ರಲ್ಲಿ ಮುಂದಿದ್ದರು, ಗಡಿಯಾರ ಸೊನ್ನೆ ತೋರಿಸಿತ್ತು, ನಮ್ಮ ಹುಡುಗರು ಮೈದಾನಕ್ಕೆ ನುಗ್ಗುತ್ತಿದ್ದರು. ಅಂಪೈರ್‌ಗಳು ವಿಡಿಯೊ ನೋಡಿ ಒಂದು ಸೆಕೆಂಡು ವಾಪಸ್ ಹಾಕಿದರು. ಆ ಒಂದು ಸೆಕೆಂಡಿನಲ್ಲಿ ಟೆಕ್ಸಸ್ ಕಿಕ್ ಹೊಡೆದು 13-12ರಲ್ಲಿ ಗೆದ್ದಿತು.

ಪೆಲಿನಿ ಕೆಳಗೆ ಪ್ರತಿ ವರ್ಷ ನಾಲ್ಕು ಸೋಲು ಖಾಯಂ, ಅದರಲ್ಲಿ ಒಂದೆರಡು ಹೀನಾಯ. 2011ರಲ್ಲಿ ಬಿಗ್ 12 ಬಿಟ್ಟು ಬಿಗ್ ಟೆನ್ ಎಂಬ ಕಾನ್ಫರೆನ್ಸಿಗೆ ಸೇರಿದ್ದೆವು; 2012ರ ಅದರ ಫೈನಲ್‌ನಲ್ಲಿ ವಿಸ್ಕಾನ್ಸಿನ್ 70-31ರಲ್ಲಿ ಸೋಲಿಸಿತು. 2014ರಲ್ಲಿ ಅದೇ ವಿಸ್ಕಾನ್ಸಿನ್‌ನ ಮೆಲ್ವಿನ್ ಗಾರ್ಡನ್ ಒಬ್ಬನೇ 408 ಗಜ ಓಡಿದ. ಮಾತಿನಲ್ಲಿ ಪೆಲಿನಿ ಒರಟು, ಅಭಿಮಾನಿಗಳನ್ನು ಬೈದ ಧ್ವನಿಮುದ್ರಿಕೆ ಹೊರಬಿದ್ದು ಮನಸ್ಸುಗಳು ಮುರಿದವು. ಅವರನ್ನು ಕಳಿಸಿದ್ದನ್ನು ನಾನು ಆಗ ಒಪ್ಪಿದ್ದೆ. ಈಗ ಒಪ್ಪುವುದಿಲ್ಲ. ನಂತರ ಬಂದ ಮೈಕ್ ರೈಲಿ ಸಜ್ಜನರು, ಆದರೆ ಮೂರು ವರ್ಷದಲ್ಲಿ 19 ಗೆದ್ದು 19 ಸೋತರು. 2017ರಲ್ಲಿ ನಾರ್ದರ್ನ್ ಇಲಿನಾಯ್ ಎಂಬ ಸಣ್ಣ ತಂಡ ಲಿಂಕನ್‌ಗೇ ಬಂದು ಸೋಲಿಸಿ ಹೋಯಿತು.

ಬಿಗ್ ಟೆನ್‌ಗೆ ಸೇರಿದ್ದು ತಪ್ಪೇ?

ದುಡ್ಡಿನ ದೃಷ್ಟಿಯಲ್ಲಿ ತಪ್ಪಲ್ಲ, ಇವತ್ತು ಆ ಕಾನ್ಫರೆನ್ಸಿನಲ್ಲಿರುವುದೇ ಭಾಗ್ಯ. ಆದರೆ 2011ರಲ್ಲಿ ಅತ್ತ ಹೋದ ಮೇಲೆ ಟೆಕ್ಸಸ್‌ನಲ್ಲಿ ಪ್ರತಿ ವರ್ಷ ಆಡುವುದು ತಪ್ಪಿತು. ಮಗ ಆಡುವುದನ್ನು ನೋಡಲು ಡ್ಯಾಲಸ್‌ನ ತಾಯಿ ಈಗ ಮಿನೆಸೋಟಾಗೋ ಪೆನ್ಸಿಲ್ವೇನಿಯಾಗೋ ಹೋಗಬೇಕು. ಹೊಸ ಕಡೆ ಹುಡುಗರನ್ನು ಹುಡುಕೋಣವೆಂದರೆ ಒಹಾಯೊ, ಮಿಶಿಗನ್‌ಗಳಲ್ಲಿ ಅವರವರ ತಂಡಗಳು ಮೊದಲೇ ಬೇರು ಬಿಟ್ಟಿದ್ದವು.

ದುಡ್ಡಿನ ಕೊರತೆ ಇತ್ತೇ?

ಇಲ್ಲ. ಎಂದೂ ಇರಲಿಲ್ಲ.

ಸ್ಕಾಟ್ ಫ್ರಾಸ್ಟ್ ಮನೆಯ ಮಗ. ಅವರಿಂದಲೂ ಯಾಕೆ ಆಗಲಿಲ್ಲ?

ಫ್ರಾಸ್ಟ್ ಇದೇ ರಾಜ್ಯದ ವುಡ್ ರಿವರ್ ಎಂಬ ಪುಟ್ಟ ಊರಿನವರು, 1997ರ ಪ್ರಶಸ್ತಿ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್. ಸೆಂಟ್ರಲ್ ಫ್ಲೋರಿಡಾ ತಂಡ 2015ರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಸೋತಿತ್ತು. ಅದನ್ನು ಕೈಗೆತ್ತಿಕೊಂಡು ಎರಡೇ ವರ್ಷದಲ್ಲಿ ಸೋಲಿಲ್ಲದ ತಂಡ ಮಾಡಿದರು. 2017ರ ಡಿಸೆಂಬರ್‌ನಲ್ಲಿ ಅವರು ಬರುತ್ತಾರೆ ಎಂದಾಗ ನಮ್ಮ ಆಫೀಸಿನಲ್ಲಿ ಕೇಕ್ ಕತ್ತರಿಸಿದ್ದೆವು.

2018ರ ಮೊದಲ ಪಂದ್ಯ ಗುಡುಗು ಮಿಂಚಿಗೆ ರದ್ದಾಯಿತು. ಆಮೇಲೆ ಸತತ ಆರು ಸೋಲು. ನಾಲ್ಕು ವರ್ಷ ಮತ್ತು ಮೂರು ಪಂದ್ಯದಲ್ಲಿ 16 ಗೆಲುವು, 31 ಸೋಲು. ಅದರಲ್ಲಿ 2021 ವಿಚಿತ್ರ ವರ್ಷ. ಸೋತದ್ದು ಒಂಬತ್ತು ಪಂದ್ಯ, ಒಂಬತ್ತೂ ಒಂಬತ್ತು ಅಂಕದ ಒಳಗೆ. ಇಡೀ ವರ್ಷದ ಅಂಕ ಕೂಡಿಸಿದರೆ ಬಿಟ್ಟುಕೊಟ್ಟದ್ದಕ್ಕಿಂತ ಹೊಡೆದದ್ದೇ 63 ಹೆಚ್ಚು. ದುರದೃಷ್ಟ ಎಂದು ಒಂದೆರಡು ಪಂದ್ಯಕ್ಕೆ ಹೇಳಬಹುದು. ಒಂಬತ್ತಕ್ಕೆ ಹೇಳಲಾಗದು. ಅಯೊವ ಪಂದ್ಯ ನಾನು ಸ್ಟೇಡಿಯಂನಲ್ಲೇ ನೋಡಿದೆ. 21-6 ಮುಂದಿದ್ದೆವು. ನಮ್ಮವರು ಹೊಡೆಯಲು ಹೋದ ಪಂಟ್ ಅನ್ನು, ಅಂದರೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವ ಒದೆತವನ್ನು, ಅಯೊವದವನೊಬ್ಬ ತಡೆದ, ಚೆಂಡು ಪುಟಿಯಿತು, ಇನ್ನೊಬ್ಬ ಎತ್ತಿಕೊಂಡು ಓಡಿ ಟಚ್‌ಡೌನ್ ಮಾಡಿದ. ಸುತ್ತಲಿನವರು ಕೂಗಲೂ ಇಲ್ಲ, ಬೈಯಲೂ ಇಲ್ಲ. ಮುಂದಿನ ಸಾಲಿನ ಹೆಂಗಸು ಮಗುವಿನ ಟೋಪಿ ಸರಿಮಾಡಿ ಚೀಲಕ್ಕೆ ಥರ್ಮಾಸ್ ಹಾಕಿಕೊಂಡರು, ಅಷ್ಟೇ. ಮುಂದೇನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. 28-21.

2022ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ 28-17 ಮುಂದಿದ್ದಾಗ ಫ್ರಾಸ್ಟ್ ಚೆಂಡನ್ನು ಮರಳಿ ಪಡೆಯುವ ಆಸೆಗೆ ಚಿಕ್ಕ ಕಿಕ್ ಹೊಡೆಸಿದರು. ಚೆಂಡು ಎದುರಾಳಿಗೆ ಸಿಕ್ಕಿತು, ಪಂದ್ಯವೂ ಹೋಯಿತು. ಎರಡು ವಾರದ ಮೇಲೆ ಜಾರ್ಜಿಯಾ ಸದರ್ನ್ ಲಿಂಕನ್‌ನಲ್ಲಿ 45-42ರಲ್ಲಿ ಗೆದ್ದಿತು, ಮರುದಿನ ಫ್ರಾಸ್ಟ್ ಹೊರಗೆ. ಅಕ್ಟೋಬರ್ 1ರವರೆಗೆ ಕಾದಿದ್ದರೆ ಅವರಿಗೆ ಕೊಡಬೇಕಾದ ಪರಿಹಾರ ಒಂದೂವರೆ ಕೋಟಿ ಡಾಲರ್‌ನಿಂದ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ವಾರವೂ ಕಾಯಲಿಲ್ಲ.

ನನ್ನ ಮಟ್ಟಿಗೆ ಫ್ರಾಸ್ಟ್ ಕಥೆ ತೋರಿಸುವುದು ಇಷ್ಟು. ಅವರು ಹಳೆಯ ತಂಡದ ಮುಖವನ್ನು ತಂದರು, ಹಳೆಯ ತಂಡದ ದಿನಚರಿಯನ್ನು ತರಲಾಗಲಿಲ್ಲ. ಕಿಕ್, ಪಂಟ್, ಚೆಂಡು ಕೈಜಾರದಂತೆ ಹಿಡಿಯುವುದು, ಇಂಥ ಯಾರೂ ಚಪ್ಪಾಳೆ ತಟ್ಟದ ಕೆಲಸಗಳನ್ನು ಆಸ್ಬೋರ್ನ್ ಕಾಲದ ನಾಲ್ಕನೇ ಸಾಲಿನ ಹುಡುಗ ಮಾಡುತ್ತಿದ್ದ. ಆ ಹುಡುಗನೇ ಈಗ ಇರಲಿಲ್ಲ.

ಅಭಿಮಾನಿಗಳದ್ದೇನೂ ತಪ್ಪಿಲ್ಲವೇ?

ಇದೆ, ನನ್ನದೂ ಸೇರಿ. ಒಂಬತ್ತು ಗೆದ್ದರೆ ಸಾಲದು ಎಂದವರು ನಾವು. ಹೊಸ ಕೋಚ್ ಬಂದಾಗಲೆಲ್ಲ 1995 ಮರಳಿ ಬರುತ್ತದೆ ಎಂದು ನಂಬಿದೆವು, ಬರದಿದ್ದಾಗ ಎರಡೇ ವರ್ಷಕ್ಕೆ ಮುಖ ತಿರುಗಿಸಿದೆವು.

ಬೇರೆ ತಂಡಗಳಿಗೂ ಹೀಗಾಗಿದೆಯೇ?

ಆಗಿದೆ. ಹತ್ತಿರದ ಉದಾಹರಣೆ ಮಿನೆಸೋಟಾ. 1934ರಿಂದ 1941ರ ನಡುವೆ ಐದು ರಾಷ್ಟ್ರೀಯ ಪ್ರಶಸ್ತಿ, 1960ರಲ್ಲಿ ಮತ್ತೊಂದು. 1967ರ ನಂತರ ಬಿಗ್ ಟೆನ್ ಪ್ರಶಸ್ತಿಯನ್ನೇ ಗೆದ್ದಿಲ್ಲ. ಅಲ್ಲಿನವರು ತಕ್ಕಮಟ್ಟಿನ ತಂಡವನ್ನು ಪ್ರೀತಿಸುವುದನ್ನು ಕಲಿತಿದ್ದಾರೆ.

ಈಗ ಸ್ಥಿತಿ ಹೇಗಿದೆ?

2023ರಲ್ಲಿ ಮ್ಯಾಟ್ ರೂಲ್ ಬಂದರು. ಎಂಟು ವರ್ಷಕ್ಕೆ 7.4 ಕೋಟಿ ಡಾಲರ್ ಒಪ್ಪಂದ. ಮೊದಲ ವರ್ಷ 5 ಗೆಲುವು, 7 ಸೋಲು. 2024ರಲ್ಲಿ 7 ಗೆಲುವು, 6 ಸೋಲು. ಡಿಸೆಂಬರ್ 28ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಬಾಸ್ಟನ್ ಕಾಲೇಜನ್ನು 20-15ರಲ್ಲಿ ಸೋಲಿಸಿದರು. ವರ್ಷದ ಕೊನೆಯ ಬೌಲ್ ಪಂದ್ಯಕ್ಕೆ ಹೋದದ್ದೇ 2016ರ ನಂತರ ಮೊದಲು.

ಆದರೆ ಆಟದ ಸುತ್ತಲಿನ ಲೋಕ ಮತ್ತೆ ಬದಲಾಗಿದೆ. 2021ರಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ದುಡ್ಡು ಮಾಡಬಹುದು. ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋಗುವುದೂ ಸುಲಭ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಹುಡುಗರಿಗೆ ಅವರ ಬೆವರಿನ ದುಡ್ಡು ಸಿಗುವುದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ರಾಜಿಯಲ್ಲಿ ತಂಡದ ಒಟ್ಟು ಸಂಖ್ಯೆಗೆ 105ರ ಮಿತಿಯೂ ಬಂತು. ನೂರೈವತ್ತು ಜನರ ತಂಡ ಕಟ್ಟಿದ್ದ ಊರಿಗೆ ಇದು ಎಲ್ಲರಿಗಿಂತ ಹೆಚ್ಚು ತಟ್ಟುತ್ತದೆ. ನಮ್ಮ ಬೀದಿಯ ಕೊನೆಯ ಮನೆಯ ಹುಡುಗ ಹೈಸ್ಕೂಲಿನಲ್ಲಿ ಮುಂದಿನ ಸಾಲಿನಲ್ಲಿ ಆಡುತ್ತಾನೆ. ಬೆಳಗ್ಗೆ ಐದೂವರೆಗೆ ಗ್ಯಾರೇಜಿನ ಬಾಗಿಲು ತೆರೆದು ಭಾರ ಎತ್ತುವ ಸದ್ದು ಕೇಳುತ್ತದೆ. ಇಪ್ಪತ್ತೈದು ವರ್ಷದ ಹಿಂದೆ ಆಗಿದ್ದರೆ ಫೀಸು ಕಟ್ಟಿ ಹೋಗಿ ನಿಲ್ಲು ಎಂದು ಧೈರ್ಯವಾಗಿ ಹೇಳಬಹುದಿತ್ತು.

ಮೊದಲ ಸಲ ಪಂದ್ಯಕ್ಕೆ ಬರುತ್ತಿದ್ದೇವೆ. ಏನು ತಿಳಿದಿರಬೇಕು?

ಕೆಂಪು ಅಂಗಿ ಹಾಕಿಕೊಳ್ಳಿ. ನವೆಂಬರ್ ಆದರೆ ಕೂರಲು ಒಂದು ದಪ್ಪ ದಿಂಬು ತನ್ನಿ, ಅಲ್ಯೂಮಿನಿಯಂ ಬೆಂಚು ಮಂಜುಗಡ್ಡೆಯಂತೆ ಕೊರೆಯುತ್ತದೆ. ಹೊರಗೆ ರಂಜ಼ಾ ಮಾರುತ್ತಾರೆ, ಬ್ರೆಡ್ಡಿನೊಳಗೆ ಕೋಸು ಮತ್ತು ದನದ ಮಾಂಸ. ತಿನ್ನದವರು ಮನೆಯಲ್ಲೇ ಊಟ ಮುಗಿಸಿ ಬನ್ನಿ. ನಿಯಮ ಗೊತ್ತಿಲ್ಲದಿದ್ದರೆ ಪಕ್ಕದವರನ್ನು ಕೇಳಿ, ಬಿಡಿಸಿ ಹೇಳುತ್ತಾರೆ. ಪಂದ್ಯ ಮುಗಿದ ಕೂಡಲೇ ಹೊರಡಬೇಡಿ. ಎದುರಾಳಿ ತಂಡ ಒಳಗೆ ಹೋಗುವಾಗ, ನಮ್ಮನ್ನು ಸೋಲಿಸಿದ್ದರೂ ಸರಿ, ಆ ಮೂಲೆಯ ಜನ ಎದ್ದು ನಿಂತು ಅವರಿಗೆ ಚಪ್ಪಾಳೆ ತಟ್ಟುತ್ತಾರೆ. ನೀವೂ ಎದ್ದು ನಿಲ್ಲಿ.